ತುಕ್ಕು ಹಿಡಿದ ಕಬ್ಬಿಣದ ಸಾಕ್ಷ್ಯ

ಪ್ರಾಚೀನ ವಸ್ತುಗಳನ್ನು ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವವರಿಗೆ ಕಲ್ಲೂ ತಾಮ್ರವೂ ಚಿನ್ನವೂ ಬಹುಮಟ್ಟಿಗೆ ನಂಬಿಕೆಗೆ ಅರ್ಹವಾದ ಸಾಕ್ಷಿಗಳು. ಶಿಲಾಶಾಸನದ ಅಕ್ಷರಗಳು ಸವೆದರೂ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ತಾಮ್ರಪಟದ ಮೇಲೆ ಕಿಲುಬು ಕಟ್ಟಿದರೂ ಒಳಗಿನ ಲೋಹ ಸಾಮಾನ್ಯವಾಗಿ ಕೈಗೆ ದೊರೆಯುತ್ತದೆ. ಕಬ್ಬಿಣದ ಸ್ವಭಾವ ಹೀಗಲ್ಲ. ಅದು ಅದಿರಿನಿಂದ ಹುಟ್ಟಿದ್ದು. ನೀರೂ ಗಾಳಿಯಲ್ಲಿಯ ಆಮ್ಲಜನಕವೂ ಒಟ್ಟಿಗೆ ದೊರೆತರೆ ಸಾಕು, ಮರಳಿ ಅದಿರಿನ ರೂಪವನ್ನೇ ತಾಳುತ್ತದೆ. ಕನ್ನಡನಾಡಿನ ವೀರಗಲ್ಲುಗಳಲ್ಲಿ ಕತ್ತಿ, ಈಟಿ, ಬಾಣಗಳನ್ನು ಹಿಡಿದ ವೀರರ ರೂಪಗಳು ಎಷ್ಟೋ ಇವೆ. ಆ ವೀರರು ಹಿಡಿದಿದ್ದ ಆಯುಧಗಳಲ್ಲಿ ಉಳಿದು ಬಂದುವು ಅತ್ಯಲ್ಪ. ಹೀಗಾಗಿ ಕಬ್ಬಿಣದ ಚರಿತ್ರೆಯನ್ನು ಶಾಸನ, ಕಾವ್ಯ, ಪ್ರವಾಸಿಗಳ ಲೇಖನ ಇವುಗಳ ಬಲದಿಂದಲೇ ಕಟ್ಟುವ ಪದ್ಧತಿ ಬಹುಕಾಲ ನಡೆದು ಬಂದಿತು. ಉಳಿದ ವಸ್ತುಗಳ ಮಾತನ್ನು ಕೇಳಬೇಕೆಂದವರಿಗೆ ಅವುಗಳನ್ನು ಕಡಿಯದೆ ಬೇರೆ ಮಾರ್ಗವಿರಲಿಲ್ಲ.

ತುಕ್ಕನ್ನು ಕೊಳೆಯೆಂದು ಎಣಿಸುವುದು ಲೋಕರೂಢಿ. ದೇವಾಲಯದ ಉಗ್ರಾಣದಲ್ಲಿಯೋ ಹಳೆಯ ಮನೆತನದ ಅಟ್ಟದಲ್ಲಿಯೋ ದೊರೆತ ಕತ್ತಿಯನ್ನು ಹುಳಿ ಹಾಕಿ ತಿಕ್ಕಿ, ಹೊಳಪು ಬರುವವರೆಗೆ ಉಜ್ಜಿ, ಎಣ್ಣೆ ಸವರಿ ಗೋಡೆಗೆ ತೂಗುಹಾಕುವುದು ಅದಕ್ಕೆ ತೋರುವ ಗೌರವವೆಂದೇ ಜನರು ತಿಳಿಯುತ್ತಾರೆ. ಆದರೆ ತುಕ್ಕೆಂಬುದು ಒಂದೇ ವಸ್ತುವಲ್ಲ. ಗೀಥೈಟ್, ಲೆಪಿಡೋಕ್ರೋಸೈಟ್, ಮ್ಯಾಗ್ನೆಟೈಟ್, ಅಕಗನೈಟ್ ಎಂಬ ಹೆಸರುಳ್ಳ ಬೇರೆಬೇರೆ ಹರಳುಗಳು ಅದರಲ್ಲಿ ಪದರಪದರವಾಗಿ ಸೇರಿರುತ್ತವೆ. ಆಮ್ಲಜನಕ ಕಡಮೆಯಾಗಿ ದೊರೆಯುವ ಒಳಭಾಗದಲ್ಲಿ, ಲೋಹಕ್ಕೆ ಹತ್ತಿರವಾಗಿ, ಮ್ಯಾಗ್ನೆಟೈಟ್ ಕಟ್ಟುವುದುಂಟು. ಉಪ್ಪಿನ ಅಂಶ ಸೇರಿದ ಎಡೆಯಲ್ಲಿ ಅಕಗನೈಟ್ ಕಾಣಿಸಿಕೊಳ್ಳುತ್ತದೆ. ಒರೆಯ ಮರದ ನಾರು, ಸುತ್ತಿದ ಬಟ್ಟೆಯ ನೆಯ್ಗೆ ಇವು ಕೊಳೆತು ಹೋದಮೇಲೂ ಅವುಗಳ ಅಚ್ಚು ತುಕ್ಕಿನಲ್ಲಿ ಮೂಡಿರುವುದನ್ನು ಅಗೆತಗಾರರು ಎಷ್ಟೋ ಸಾರಿ ಕಂಡಿದ್ದಾರೆ. ಕಮ್ಮಾರನು ಸುತ್ತಿಗೆಯಿಂದ ಬಡಿದಾಗ ಲೋಹದೊಳಗೆ ಸಿಕ್ಕಿಕೊಂಡ ಕಿಟ್ಟದ ಎಳೆಗಳು ಲೋಹವೆಲ್ಲ ತುಕ್ಕಾದಮೇಲೂ ಹಾಸಿದಂತೆಯೇ ಇರುವುದುಂಟು. ಆದುದರಿಂದ ತುಕ್ಕು ಹಿಡಿದ ಕಬ್ಬಿಣವನ್ನು ಹುಳು ತಿಂದ ಓಲೆಗರಿಯೊಡನೆ ಹೋಲಿಸುವುದಕ್ಕಿಂತ, ಒಂದು ಗ್ರಂಥದ ಮೇಲೆ ಇನ್ನೊಂದನ್ನು ಬರೆದ ಚರ್ಮಪತ್ರದೊಡನೆ ಹೋಲಿಸುವುದು ಯುಕ್ತವಾಗಿದೆ. ಮೇಲಣ ಬರಹವನ್ನು ಕೆರೆದರೆ ಕೆಳಗಣದೂ ಉಳಿಯದು.

ಕಬ್ಬಿಣವನ್ನು ವಿಜ್ಞಾನರೀತಿಯಿಂದ ಪರೀಕ್ಷಿಸಿದ ಹಳೆಯ ಪ್ರಯತ್ನಗಳಲ್ಲಿ ಭರತಖಂಡದ ಉಕ್ಕಿಗೆ ಗಣ್ಯವಾದ ಸ್ಥಾನವಿದೆ. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟರು ೧೭೯೪ರಲ್ಲಿ ಲಂಡನ್ನಿನ ಸರ್ ಜೋಸೆಫ್ ಬ್ಯಾಂಕ್ಸರಿಗೆ ಈ ಉಕ್ಕಿನ ಮಾದರಿಗಳನ್ನು ಕಳುಹಿಸಿದರು. ಮರುವರುಷ, ಎಂದರೆ ೧೭೯೫ರಲ್ಲಿ, ಜಾರ್ಜ್ ಪಿಯರ್ಸನ್ನರು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ವಿಷಯವಾಗಿ ಪ್ರಬಂಧವನ್ನು ಬರೆದರು. ‘ವೂಟ್ಜ್’ ಎಂಬ ಹೆಸರು ಪಶ್ಚಿಮದ ಪಂಡಿತರಲ್ಲಿ ನೆಲೆಗೊಂಡದ್ದು ಆಗಿನಿಂದ. ಈ ವಿಚಿತ್ರವಾದ ಶಬ್ದವು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದೂ, ‘ವೂಕ್’ ಎಂದು ಬರೆದದ್ದನ್ನು ಲಿಪಿಕಾರನು ತಪ್ಪಾಗಿ ಪ್ರತಿಮಾಡಿದುದರಿಂದ ಹೀಗಾಯಿತೆಂದೂ ೧೮೮೬ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಊಹಿಸಲಾಗಿದೆ. ತೆಲುಗಿನಲ್ಲಿಯೂ ‘ಉಕ್ಕು’ ಎಂಬ ಶಬ್ದವೇ ಇರುವುದರಿಂದ ಈ ಕೀರ್ತಿ ಕನ್ನಡಕ್ಕೆ ಮಾತ್ರ ಸಲ್ಲತಕ್ಕದ್ದೆಂದು ಹಟ ಹಿಡಿಯುವುದು ಸರಿಯಾಗಲಾರದು. ಮಾದರಿಗಳು ಮುಂಬಯಿಯ ಮಾರ್ಗವಾಗಿ ಹೋದುವೆಂಬುದು ಕನ್ನಡದ ಪಕ್ಷಕ್ಕೆ ಸ್ವಲ್ಪ ಬಲವನ್ನು ಕೊಡುತ್ತದೆ, ಅಷ್ಟೆ. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಡಾ॥ ಫ್ರಾನ್ಸಿಸ್ ಬುಕಾನನ್ನರು ಅಲ್ಲಿಯ ಕುಲುಮೆಗಳನ್ನೂ ಮೂಸೆಗಳಲ್ಲಿ ಉಕ್ಕು ಮಾಡುವ ಕ್ರಮವನ್ನೂ ವರ್ಣಿಸಿದ್ದಾರೆ. ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗಾಗಿ ಉಕ್ಕಿನ ಎಳೆ ಎಳೆಯುತ್ತಿದ್ದರೆಂಬ ಸಂಗತಿಯೂ ಅವರ ಗ್ರಂಥದಲ್ಲಿಯೇ ಇದೆ.

ಪಿಯರ್ಸನ್ನರ ಬಳಿಕ ಮೈಕೇಲ್ ಫ್ಯಾರಡೆಯವರು ೧೮೧೯ರಲ್ಲಿ ಈ ಉಕ್ಕನ್ನು ರಾಸಾಯನಿಕವಾಗಿ ವಿಭಜಿಸಿ ನೋಡಿದರು. ವಿದ್ಯುಚ್ಛಾಸ್ತ್ರದಲ್ಲಿ ಅವರ ಹೆಸರು ಜಗತ್ಪ್ರಸಿದ್ಧವಾಗುವುದಕ್ಕೆ ಮುಂಚಿನ ಮಾತು ಇದು. ಸ್ವತಃ ಕಮ್ಮಾರನ ಮಗನಾದ ಫ್ಯಾರಡೆಯವರು ಆಯುಧೋಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡರ್ಟರ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳನ್ನು ಕುರಿತು ಮುಂದೆ ಕೆಲವು ವರುಷ ದುಡಿದರು. ಈ ಉಕ್ಕಿನ ಗುಣಕ್ಕೆ ಅಲ್ಯೂಮಿನಿಯಮ್ ಕಾರಣವೆಂದು ಅವರು ಭಾವಿಸಿದ್ದು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಇಂಗಾಲದ ಪ್ರಮಾಣವೇ ಮುಖ್ಯವಾದದ್ದೆಂಬ ತತ್ತ್ವವನ್ನು ಪ್ಯಾರಿಸ್ ಟಂಕಸಾಲೆಯ ಬ್ರೆಯಾಂತರು ಸ್ವಲ್ಪಕಾಲದಲ್ಲಿಯೇ ಸ್ಥಾಪಿಸಿದರು. ಇವರೆಲ್ಲರ ಕ್ರಮವೂ ಒಂದೇ. ಮಾದರಿಯನ್ನು ಒಡೆದು, ಆಮ್ಲದಲ್ಲಿ ಕರಗಿಸಿ, ಕರಗಿದ್ದನ್ನೂ ಉಳಿದದ್ದನ್ನೂ ತೂಗುವುದು. ಕೈಯಲ್ಲಿದ್ದುದು ಅಂಗಡಿಯಲ್ಲಿ ಮಾರುವ ಉಕ್ಕಿನ ಗಟ್ಟಿಯಾದ್ದರಿಂದ ಅದರಿಂದ ನಷ್ಟವೇನೂ ಇರಲಿಲ್ಲ. ಆದರೆ ಅದೇ ಕ್ರಮವನ್ನು ಪುರಾತನ ಆಯುಧಗಳಿಗೆ ಅನ್ವಯಿಸಿದಾಗ ಮಾತು ಬೇರೆಯಾಯಿತು. ಸ್ವಿಟ್ಜರ್ಲೆಂಡಿನ ಜೊಕ್ಕೆಯವರು ಹೆನ್ರಿ ಮೋಸರರ ಸಂಗ್ರಹಕ್ಕೆ ಸೇರಿದ ಡಮಾಸ್ಕಸ್ ಕತ್ತಿಗಳನ್ನು ತುಂಡುಮಾಡಿ ಪರೀಕ್ಷಿಸಿ ೧೯೨೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ತುಂಡುಗಳಲ್ಲಿ ಉಳಿದವನ್ನೇ ಹಿಡಿದು ಅಮೆರಿಕದ ವರ್ಹೋವನ್ ಮೊದಲಾದವರು ೧೯೯೮ರಲ್ಲಿ, ಕತ್ತಿಯ ಅಲಗಿನ ಮೇಲಣ ನೀರಲೆಯಂಥ ಚಿತ್ತಾರಕ್ಕೆ ಅದಿರಿನಿಂದ ಬಂದ ವೆನೇಡಿಯಮ್ ಮುಂತಾದ ಅತ್ಯಲ್ಪ ಕಲ್ಮಷಗಳು ಕಾರಣವೆಂದು ವಾದಿಸಿದರು. ೨೦೦೬ರಲ್ಲಿ ಡ್ರೆಸ್ಡೆನ್ನಿನ ವಿಜ್ಞಾನಿಗಳು ಇಂಥದೇ ಒಂದು ಕತ್ತಿಯ ಚೂರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಉಳಿದ ಶೇಷದಲ್ಲಿ ಇಂಗಾಲದ ಅತಿಸೂಕ್ಷ್ಮ ಕೊಳವೆಗಳು ಕಂಡುವೆಂದು ಸಾರಿದರು. ಜೊಕ್ಕೆಯವರು ಕತ್ತರಿಸದೆ ಇದ್ದಿದ್ದರೆ ಇಷ್ಟು ತಿಳಿವಳಿಕೆ ಬರುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಇನ್ನೊಂದು ಕತ್ತಿಯನ್ನು ಹೀಗೆ ಒಪ್ಪಿಸುವ ವಸ್ತುಸಂಗ್ರಹಾಲಯವು ಇಂದು ದೊರೆಯುವುದು ಕಷ್ಟ, ದೊರೆಯದಿರುವುದೇ ನ್ಯಾಯ.

ಕಡಿಯದೆ ಒಳಗನ್ನು ನೋಡುವ ಮೊದಲನೆಯ ಸಾಧನ ಕ್ಷ-ಕಿರಣ. ರೋಂಟ್ಗನ್ನರು ೧೮೯೫ರಲ್ಲಿ ಅದನ್ನು ಕಂಡುಹಿಡಿದರು. ತುಕ್ಕು ಹಿಡಿದ ಕಬ್ಬಿಣದ ವಿಷಯದಲ್ಲಿ ಅದರಿಂದ ಆದ ಉಪಕಾರಕ್ಕೆ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿಯ ಕತ್ತಿಯೇ ನಿದರ್ಶನ. ೧೯೩೯ರಲ್ಲಿ ಅಗೆದ ಆ ನೌಕಾಸಮಾಧಿಯಲ್ಲಿ ದೊರೆತ ಕತ್ತಿ ಒರೆಯೊಡನೆ ಸೇರಿ ಒಂದೇ ತುಕ್ಕಿನ ಗಟ್ಟಿಯಾಗಿತ್ತು. ಒರೆಯಿಂದ ಕೀಳುವುದು ಸಾಧ್ಯವೇ ಇರಲಿಲ್ಲ. ಕ್ಷ-ಕಿರಣದ ಛಾಯಾಚಿತ್ರದಲ್ಲಿ, ಕಬ್ಬಿಣದ ಸರಳುಗಳನ್ನು ಹುರಿಗೊಳಿಸಿ ಒಂದರ ಪಕ್ಕದಲ್ಲೊಂದನ್ನು ಬೆಸೆದು ಅಲಗನ್ನು ಮಾಡಿದ ಕ್ರಮ ತೋರಿಬಂದಿತು. ಆದರೂ ಛಾಯಾಚಿತ್ರ ಆಕಾರವನ್ನು ತಿಳಿಸುವುದೇ ಹೊರತು ವಸ್ತು ಏನೆಂಬುದನ್ನು ತಿಳಿಸಲಾರದು. ಮೂಲವಸ್ತುಗಳನ್ನು ಗುರುತಿಸುವುದಕ್ಕೆ ಬೇರೊಂದು ಉಪಾಯವುಂಟು: ಕ್ಷ-ಕಿರಣವನ್ನು ಬೀರಿದಾಗ ಪ್ರತಿಯೊಂದು ಮೂಲವಸ್ತುವೂ ತನಗೇ ವಿಶಿಷ್ಟವಾದ ಪ್ರತಿಕಿರಣವನ್ನು ಹೊರಡಿಸುತ್ತದೆ, ಅದನ್ನು ಅಳೆಯುವುದು. ಕೈಯಲ್ಲಿ ಹಿಡಿಯಬಹುದಾದ ಯಂತ್ರದಿಂದಲೇ ಈ ಕೆಲಸ ಆಗುತ್ತದೆ. ತುತಾಂಖಾಮನ್ ದೊರೆಯ ಶವದ ಸುತ್ತುಬಟ್ಟೆಯಲ್ಲಿ ದೊರೆತ ಕಬ್ಬಿಣದ ಕಠಾರಿಯಲ್ಲಿ ನೂರಕ್ಕೆ ಸುಮಾರು ೧೧ರಷ್ಟು ನಿಕೆಲ್ ಇರುವುದನ್ನೂ, ಅದು ಉಲ್ಕೆಯಿಂದ ಬಂದ ಲೋಹವೆಂಬುದನ್ನೂ ೨೦೧೬ರಲ್ಲಿ ಹೀಗೆಯೇ ನಿರ್ಣಯಿಸಿದರು. ಆ ಕಠಾರಿ ಹೆಚ್ಚು ಕೆಟ್ಟಿರಲಿಲ್ಲವೆಂಬುದು ಅವರ ಅದೃಷ್ಟ. ಈ ಪ್ರತಿಕಿರಣ ಕಬ್ಬಿಣದಲ್ಲಿ ಒಂದು ಕೂದಲೆಳೆಯ ದಪ್ಪದಷ್ಟು ಆಳದಿಂದಲೂ ಹೊರಬರುವುದು ಕಷ್ಟ. ಮೇಲೆ ತುಕ್ಕಿನ ದಪ್ಪ ಪದರವಿದ್ದರೆ ಯಂತ್ರವು ಓದುವುದು ತುಕ್ಕನ್ನು, ಅದರೊಳಗೆ ಹೊಕ್ಕ ಮಣ್ಣನ್ನು, ಒಳಗಣ ಲೋಹವನ್ನಲ್ಲ.

ಈ ತೊಡಕು ಎಷ್ಟು ದೊಡ್ಡದೆಂಬುದು ಈಜಿಪ್ಟಿನ ಗೆರ್ಜೆ ಎಂಬಲ್ಲಿಯ ಮಣಿಗಳಿಂದ ಸ್ಪಷ್ಟವಾಗುತ್ತದೆ. ಕೊಳವೆಯ ಆಕಾರದ ಒಂಬತ್ತು ಕಬ್ಬಿಣದ ಮಣಿಗಳು ೧೯೧೧ರಲ್ಲಿ ಅಲ್ಲಿಯ ಎರಡು ಸಮಾಧಿಗಳಲ್ಲಿ ದೊರೆತವು. ಕಾಲ ಕ್ರಿಸ್ತಪೂರ್ವ ೩೨೦೦ರ ಸುಮಾರು. ಎಂದರೆ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ವಿದ್ಯೆ ಆ ದೇಶದಲ್ಲಿ ಬಳಕೆಗೆ ಬರುವುದಕ್ಕೆ ಎರಡು ಸಾವಿರ ವರುಷಗಳಷ್ಟು ಹಿಂದೆ. ಚಿನ್ನ, ಲಾಜವರ್ದ ಮುಂತಾದ ಬೆಲೆಬಾಳುವ ವಸ್ತುಗಳೊಡನೆ ಅವನ್ನು ಪೋಣಿಸಿದ್ದರು. ಮೊದಮೊದಲು ನಡೆದ ಪರೀಕ್ಷೆಯಲ್ಲಿ ನಿಕೆಲ್ ಕಂಡುಬಂದು, ಇದು ಉಲ್ಕಾಲೋಹವೆಂಬ ಅಭಿಪ್ರಾಯ ಹರಡಿತು. ಮುಂದೆ ಬೇರೆಯವರು ತುಕ್ಕಿನಲ್ಲಿ ನಿಕೆಲ್ ಸಾಲದಾಗಿರುವುದನ್ನು ನೋಡಿ ಅದನ್ನು ಶಂಕಿಸಿದರು. ಎರಡು ಪಕ್ಷದವರ ಕೈಯಲ್ಲಿಯೂ ಇದ್ದುದು ತುಕ್ಕೇ. ಏಕೆಂದರೆ ಮಣಿಗಳಲ್ಲಿ ಲೋಹವೆಂಬುದು ಉಳಿದೇ ಇರಲಿಲ್ಲ. ನೆಲದೊಳಗೆ ಐದು ಸಾವಿರ ವರುಷ ಇದ್ದ ವಸ್ತುವಿನಿಂದ ನಿಕೆಲ್ ಒಂದು ಎಡೆಯಲ್ಲಿ ಕರಗಿ ಹೋಗಿ ಇನ್ನೊಂದೆಡೆಯಲ್ಲಿ ಉಳಿದಿರಬಹುದು; ಹೀಗಿರಲು ಮೇಲ್ಮೈಯ ಒಂದು ಚುಕ್ಕೆಯಿಂದ ಇಡಿಯ ಮಣಿಯ ವಿಷಯವನ್ನು ಹೇಳುವುದೆಂತು?

ಥಿಲೋ ರೆಹ್ರನ್ನರೂ ಅವರ ಸಹೋದ್ಯೋಗಿಗಳೂ ಲಂಡನ್ನಿನ ಪೆಟ್ರಿ ವಸ್ತುಸಂಗ್ರಹಾಲಯದಲ್ಲಿದ್ದ ಮೂರು ಮಣಿಗಳನ್ನು ಬುಡಾಪೆಸ್ಟಿಗೆ ಒಯ್ದು ನ್ಯೂಟ್ರಾನುಗಳಿಂದ ಪರೀಕ್ಷಿಸಿ, ೨೦೧೩ರಲ್ಲಿ ಫಲವನ್ನು ಪ್ರಕಟಿಸಿದರು. ಚಾಡ್ವಿಕ್ಕರು ೧೯೩೨ರಲ್ಲಿ ಕಂಡುಹಿಡಿದ ಈ ಕಣಕ್ಕೆ ವಿದ್ಯುದಂಶವಿಲ್ಲ. ಆದಕಾರಣ ಪರಮಾಣುವಿನ ಸುತ್ತಣ ಎಲೆಕ್ಟ್ರಾನುಗಳು ಅದನ್ನು ತಡೆಯುವುದಿಲ್ಲ. ಕಬ್ಬಿಣದಲ್ಲಿ ಅದು ಅಂಗುಲದ ಲೆಕ್ಕದಲ್ಲಿ ಒಳನುಗ್ಗಬಲ್ಲುದು. ನ್ಯೂಟ್ರಾನನ್ನು ನುಂಗಿದ ಪರಮಾಣುಬೀಜವು ಒಡನೆಯೇ ತನ್ನ ಗುರುತಾದ ಗಾಮಾ ಕಿರಣವನ್ನು ಹೊರಡಿಸುವುದರಿಂದ, ಒಂದು ಕಣವನ್ನೂ ಕೆರೆಯದೆ ಇಡಿಯ ಮಣಿಯ ಸರಾಸರಿ ಲೆಕ್ಕ ದೊರೆಯಿತು. ನಿಕೆಲ್, ಕೋಬಾಲ್ಟ್, ರಂಜಕ ಇವುಗಳೊಡನೆ ಜರ್ಮೇನಿಯಮ್ ಕೂಡ ಕಂಡಿತು. ಕುಲುಮೆಯ ಕಬ್ಬಿಣದಲ್ಲಿ ಇವು ಇಂಥ ಪ್ರಮಾಣದಲ್ಲಿ ಒಟ್ಟಿಗೆ ಇರುವುದಿಲ್ಲ. ನ್ಯೂಟ್ರಾನಿನ ಛಾಯಾಚಿತ್ರದಲ್ಲಿ ಇನ್ನೂ ಒಂದು ವಿಶೇಷ ತಿಳಿದುಬಂದಿತು. ಈ ಮಣಿಗಳನ್ನು ಕಲ್ಲಿನ ಮಣಿಗಳಂತೆ ಕೊರೆದು ಮಾಡಿರಲಿಲ್ಲ; ಲೋಹವನ್ನು ತೆಳುವಾದ ತಗಡಾಗಿ ಬಡಿದು ಸುರುಳಿ ಸುತ್ತಿದ್ದರು. ಉಲ್ಕೆಯ ಕಬ್ಬಿಣ ಗಡುಸು, ಸುಲಭವಾಗಿ ಬಿರಿಯತಕ್ಕದ್ದು. ಅದನ್ನು ತಗಡಾಗಿ ಬಡಿಯಬೇಕಾದರೆ ಮತ್ತೆ ಮತ್ತೆ ಕಾಯಿಸುವ ಅನುಭವ ಇರಬೇಕು. ಆದುದರಿಂದ ಕಬ್ಬಿಣದ ಯುಗಕ್ಕೆ ಬಹಳ ಹಿಂದೆಯೇ ಕಬ್ಬಿಣವನ್ನು ಬಡಿಯಬಲ್ಲ ಕಮ್ಮಾರರಿದ್ದರೆಂದು ರೆಹ್ರನ್ನರು ತರ್ಕಿಸಿದ್ದು ಸರಿಯಾಗಿಯೇ ಇದೆ. ನೂರು ವರುಷದ ವಾದವೊಂದು ಹೀಗೆ ಲೋಹದ ಲೇಶವೂ ಇಲ್ಲದ ತುಕ್ಕಿನಿಂದ ತೀರ್ಮಾನಕ್ಕೆ ಬಂದಿತು. ಯಾರಾದರೂ ಆ ಮಣಿಗಳನ್ನು ಲೋಹ ಕಾಣುವವರೆಗೆ ತಿಕ್ಕಿದ್ದರೆ ಮಣಿಗಳೇ ಇರುತ್ತಿರಲಿಲ್ಲ.

ಲೋಹ ಉಳಿದಿರುವ ವಸ್ತುಗಳಲ್ಲಿ ನ್ಯೂಟ್ರಾನಿನಿಂದ ಬೇರೊಂದು ಪ್ರಯೋಜನವಿದೆ. ಹರಳಿನೊಳಗಿನ ಪರಮಾಣುಗಳ ಸಾಲುಗಳಿಂದ ನ್ಯೂಟ್ರಾನುಗಳು ನಿಯತವಾದ ಕ್ರಮದಲ್ಲಿ ಚದರುತ್ತವೆ. ಸಾಲುಗಳ ನಡುವಣ ಅಂತರ ಒಂದೊಂದು ಹರಳಿಗೂ ಬೇರೆಯಾದ್ದರಿಂದ, ಚದರಿದ ರೀತಿಯನ್ನು ಅಳೆದು ಕತ್ತಿಯಲ್ಲಿ ಶುದ್ಧ ಕಬ್ಬಿಣ ಎಷ್ಟು, ಸಿಮೆಂಟೈಟ್ ಎಂಬ ಇಂಗಾಲಯುಕ್ತ ಹರಳು ಎಷ್ಟು, ಕಿಟ್ಟವೆಷ್ಟು, ತುಕ್ಕಿನಲ್ಲಿ ಯಾವ ಬಗೆ ಎಷ್ಟೆಷ್ಟು ಎಂದು ಲೆಕ್ಕ ಹಾಕಬಹುದು. ಸಿಮೆಂಟೈಟಿನಲ್ಲಿ ನೂರಕ್ಕೆ ೬.೬೭ ಪಾಲು ಇಂಗಾಲವಿರುತ್ತದೆ. ಅಲಗಿನಲ್ಲಿ ಸಿಮೆಂಟೈಟ್ ನೂರಕ್ಕೆ ೧೫ರಷ್ಟಿದ್ದರೆ ಇಂಗಾಲ ಸುಮಾರು ೧ ಎಂದಾಯಿತು. ಅದು ಮೆದು ಕಬ್ಬಿಣವಲ್ಲ, ಒಳ್ಳೆಯ ಉಕ್ಕು. ಲಂಡನ್ನಿನ ವಾಲೆಸ್ ಸಂಗ್ರಹದಲ್ಲಿರುವ, ಹದಿನೆಂಟನೆಯ ಶತಮಾನದ ಕೊನೆಯ ಅಥವಾ ಹತ್ತೊಂಬತ್ತನೆಯದರ ಆದಿಯ, ಭಾರತದ ಶಂಶೇರ್ ಕತ್ತಿಯೊಂದನ್ನು ಇಟಲಿಯ ಮತ್ತು ಇಂಗ್ಲೆಂಡಿನ ವಿದ್ವಾಂಸರು ಹಳೆಯ ಕ್ರಮದಿಂದಲೂ ಈ ಹೊಸ ಕ್ರಮದಿಂದಲೂ ಪರೀಕ್ಷಿಸಿ, ಎರಡನ್ನೂ ತಾಳೆನೋಡಿ ೨೦೧೫ರಲ್ಲಿ ಬರೆದಿದ್ದಾರೆ. ಸೂಕ್ಷ್ಮದರ್ಶಕಕ್ಕೆ ಬೇಕಾದ ಚೂರನ್ನು ಮೊದಲೇ ಕೆಟ್ಟಿದ್ದ ಭಾಗದಿಂದ ಮಾತ್ರ ತೆಗೆದುಕೊಂಡರು. ಇಂಗಾಲ ನೂರಕ್ಕೆ ಒಂದಕ್ಕೆ ಕಡಮೆಯಿಲ್ಲದ ಶುದ್ಧವಾದ ಉಕ್ಕು, ಬಹುಶಃ ವೂಟ್ಜ್, ಎಂಬುದು ಅವರ ನಿರ್ಣಯ. ಹೊಸ ವಿಧಾನವೊಂದನ್ನು ಹಳೆಯದರ ಎದುರಿಗೆ ಹೀಗೆ ಒರೆಗೆ ಹಚ್ಚುವುದು ಒಪ್ಪತಕ್ಕ ಕ್ರಮ. ಒಂದು ಪ್ರತಿಯ ಪಾಠವನ್ನು ಇನ್ನೊಂದರೊಡನೆ ಹೋಲಿಸದೆ ಗ್ರಂಥವನ್ನು ಅಚ್ಚುಹಾಕುವುದುಂಟೆ?

ಆದರೆ ‘ವೂಟ್ಜ್’ ಎಂಬ ನಿರ್ಣಯದಿಂದ ಆ ಕತ್ತಿಯ ಉಕ್ಕು ಕನ್ನಡನಾಡಿನ ಮೂಸೆಯಿಂದ ಬಂದಿತೆಂದು ಹೇಳಿದಂತಾಗುವುದಿಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮೂಸೆಯ ಉಕ್ಕು ಮೈಸೂರು ಸೀಮೆಯಲ್ಲಿ ಹೇಗೋ ಹಾಗೆಯೇ ಸೇಲಂನಲ್ಲಿಯೂ ತೆಲುಗು ನಾಡಿನ ಕೋನಸಮುದ್ರದಲ್ಲಿಯೂ ಸಿಂಹಳದಲ್ಲಿಯೂ ಆಗುತ್ತಿತ್ತು. ಹೆಸರು ಒಂದು ಭಾಷೆಯದಾದರೆ ವಸ್ತುವೂ ಅದೇ ನಾಡಿನದೆಂದು ಭಾವಿಸುವುದು ಶಬ್ದವ್ಯುತ್ಪತ್ತಿಗೆ ಅದರ ಶಕ್ತಿಗೆ ಮೀರಿದ ಭಾರವನ್ನು ಹೊರಿಸಿದಂತೆ. ಕಾಲದ ವಿಷಯವೂ ಹೀಗೆಯೇ. ನ್ಯೂಟ್ರಾನು ವಸ್ತು ಏನೆಂಬುದನ್ನೂ ಹೇಗೆ ಮಾಡಿದ್ದೆಂಬುದನ್ನೂ ತಿಳಿಸುತ್ತದೆ. ಯಾವಾಗ ಮಾಡಿದ್ದೆಂಬುದನ್ನು ತಿಳಿಸದು. ಉಕ್ಕಿನೊಳಗಣ ಇಂಗಾಲದಿಂದ ಕಾಲವನ್ನು ಎಣಿಸುವ ವಿಧಾನ ಉಂಟಾದರೂ ಅದಕ್ಕೆ ಲೋಹವನ್ನು ಕತ್ತರಿಸಲೇಬೇಕು. ಆದಕಾರಣ ಹಿಡಿಯ ಆಕಾರ, ಕೆತ್ತಿದ ಅಕ್ಷರ, ದೊರೆತ ನೆಲೆ ಇವುಗಳನ್ನು ನೋಡಿ ಕಾಲವನ್ನು ನಿರ್ಣಯಿಸುವ ಕೆಲಸ ಮೊದಲಿನಂತೆ ಚರಿತ್ರಕಾರನದೇ ಆಗಿದೆ.

ಎಲ್ಲ ವಸ್ತುವನ್ನೂ ನ್ಯೂಟ್ರಾನಿನ ಬಳಿಗೆ ಒಯ್ಯಲಾಗುವುದೂ ಇಲ್ಲ. ದೆಹಲಿಯ ಮಿಹರೌಲಿಯಲ್ಲಿರುವ ಕಬ್ಬಿಣದ ಕಂಬ ಸುಮಾರು ೭.೨ ಮೀಟರು ಉದ್ದ, ಆರು ಟನ್ನಿಗೆ ಮೀರಿದ ಭಾರ. ಚಂದ್ರನೆಂಬ ರಾಜನ ಕೀರ್ತಿಯನ್ನು ಮೂರು ಶಾರ್ದೂಲವಿಕ್ರೀಡಿತ ವೃತ್ತಗಳಲ್ಲಿ ಹೇಳುವ ಅದರ ಶಾಸನ ಸಂಸ್ಕೃತ ಬಲ್ಲವರಿಗೆ ಪರಿಚಿತವಾದದ್ದು. ಈ ಕಂಬಕ್ಕೆ ತುಕ್ಕೇ ಹಿಡಿಯುವುದಿಲ್ಲವೆಂಬ ಮಾತು ಪಾಠಪುಸ್ತಕಗಳವರೆಗೂ ಹರಡಿದೆ, ಅದು ನಿಜವಲ್ಲ. ನೆಲದೊಳಗಿನ ಭಾಗವನ್ನು ೧೯೬೧ರಲ್ಲಿ ತೆಗೆದು ನೋಡಿದಾಗ ಅಲ್ಲಿ ತುಕ್ಕು ದಪ್ಪವಾಗಿಯೇ ಕಟ್ಟಿತ್ತು. ನೆಲದ ಮೇಲಣ ಭಾಗದಲ್ಲಿಯೂ ತುಕ್ಕು ಇದೆ, ಆದರೆ ತೆಳುವಾದ ಪೊರೆಯಾಗಿ. ಆ ಪೊರೆಯೇ ಕಂಬವನ್ನು ಕಾಯುತ್ತಿದೆ. ಕಾನ್ಪುರದ ಆರ್. ಬಾಲಸುಬ್ರಹ್ಮಣ್ಯಂ ಅವರು ೨೦೦೦ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತುಕ್ಕಿನ ಅಲ್ಪ ಕಣಗಳ ಪರೀಕ್ಷೆಯಿಂದ ಅದರಲ್ಲಿ ಹರಳುಗಟ್ಟಿದ ಕಬ್ಬಿಣದ ಫಾಸ್ಫೇಟ್ ಇರುವುದನ್ನು ತೋರಿಸಿದರು. ಕಂಬದ ಲೋಹದಲ್ಲಿ ರಂಜಕ ನೂರಕ್ಕೆ ೦.೧೧೪ರಷ್ಟು ಇರುವುದನ್ನು ಹ್ಯಾಡ್‌ಫೀಲ್ಡರು ೧೯೧೨ರಲ್ಲಿಯೇ ಅಳೆದಿದ್ದರು. ಇಂದಿನ ಉಕ್ಕಿಗಿಂತ ಇದು ಎಷ್ಟೋ ಹೆಚ್ಚು. ಅದಿರಿನೊಡನೆ ಸುಣ್ಣಕಲ್ಲನ್ನು ಬೆರಸದೆ ಇದ್ದಲಿನಿಂದಲೇ ಕಬ್ಬಿಣ ತೆಗೆಯುತ್ತಿದ್ದ ಪುರಾತನ ಕ್ರಮದಲ್ಲಿ ರಂಜಕ ಲೋಹದಲ್ಲಿಯೇ ಉಳಿಯುತ್ತಿತ್ತು. ಅದು ಮೇಲ್ಮೈಗೆ ಬಂದು, ನೆನೆಯುತ್ತ ಒಣಗುತ್ತ ಫಾಸ್ಫೇಟಿನ ಪೊರೆಯಾಗಿ ಬಲಿಯಿತು. ಎಂದರೆ ಕುಲುಮೆಯಲ್ಲಿ ಏನನ್ನು ಹಾಕಲಿಲ್ಲವೆಂಬ ಸಂಗತಿಯೂ ತುಕ್ಕಿನಲ್ಲಿ ಬರೆದಿದೆ. ದೆಹಲಿಯ ಒಣ ಹವೆಯ ಪಾಲೂ ಇದರಲ್ಲಿ ಇಲ್ಲದೆ ಇಲ್ಲ. ಈಚೆಗೆ ಕಲ್ಪಾಕ್ಕಂನ ವಿಜ್ಞಾನಿಗಳು ಶಬ್ದಾತೀತ ತರಂಗಗಳ ಯಂತ್ರವನ್ನು ಕಂಬದ ಬಳಿಗೇ ಒಯ್ದು ಒಳಗಣ ಬೆಸುಗೆಯನ್ನು ಪರೀಕ್ಷಿಸಿದರು. ಹವೆಯ ವಿಷಯದಲ್ಲಿ ದೆಹಲಿಗೆ ತೀರ ಪ್ರತಿಯಾದದ್ದು ಕೊಡಚಾದ್ರಿಯ ಮೇಲೆ ಆದಿಮೂಕಾಂಬಿಕೆಯ ಗುಡಿಯೆದುರಿಗಿರುವ ಕಬ್ಬಿಣದ ಕಂಬ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲವೇ ಅದೆಂದು ಸ್ಥಳದ ಐತಿಹ್ಯ. ಮಲೆನಾಡಿನ ಮಳೆಯಲ್ಲಿ ನಿಂತ ಆ ಕಂಬವನ್ನು ಕುರಿತು ಟಿ. ಆರ್. ಅನಂತರಾಮನ್ ಅವರು ೧೯೯೯ರಲ್ಲಿ ಲೇಖನ ಬರೆದು ಲೋಹಶಾಸ್ತ್ರಜ್ಞರ ಗಮನವನ್ನು ಅತ್ತ ಸೆಳೆದರು.

ಕೊಡಚಾದ್ರಿಯಿರುವ ಹೊಸನಗರ ತಾಲ್ಲೂಕಿನಲ್ಲಿಯೇ ನಗರವೆಂಬ ಗ್ರಾಮವಿದೆ. ಕೆಳದಿಯ ಅರಸರ ರಾಜಧಾನಿಯಾದ ಬಿದನೂರು ಇದೇ. ೧೭೬೩ರಲ್ಲಿ ಹೈದರನ ವಶವಾಗಿ ಹೈದರ್‌ನಗರವೆನಿಸಿತು. ಅಲ್ಲಿಯ ಪಾಳುಬಾವಿಯೊಂದರ ಮಣ್ಣಿನಲ್ಲಿ ಮದ್ದಿನ ವಾಸನೆ ಬರುತ್ತಿದ್ದುದನ್ನು ಅನುಸರಿಸಿ ೨೦೧೮ರಲ್ಲಿ ಅಗೆಸಿದಾಗ, ಟಿಪ್ಪುವಿನ ಕಾಲದವೆಂದು ಗುರುತಿಸಿದ ಸಾವಿರಕ್ಕೂ ಮಿಕ್ಕ ಕಬ್ಬಿಣದ ಯುದ್ಧಬಾಣಗಳು, ಎಂದರೆ ರಾಕೆಟ್ಟುಗಳು, ತುಕ್ಕು ಹಿಡಿದ ಸ್ಥಿತಿಯಲ್ಲಿ ದೊರೆತವು. ಮೈಸೂರಿನ ಈ ಬಾಣಗಳ ಹೆಚ್ಚುಗಾರಿಕೆ ಮದ್ದನ್ನು ತುಂಬುತ್ತಿದ್ದ ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ ಬಿದಿರುಗಳ ಕೊಳವೆ ತಡೆಯಲಾರದ ಒತ್ತಡವನ್ನು ಅದು ತಡೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಕಾಂಗ್ರೀವರು ೧೮೦೪ರಿಂದ ಮಾಡಿದ ಪ್ರಯೋಗಗಳಿಗೆ ಇವೇ ಪ್ರೇರಣೆ. ಕೊಳವೆಯನ್ನು ತಗಡು ಸುತ್ತಿ ಮಾಡಿದರೋ ಬೇರೆ ರೀತಿಯಲ್ಲಿ ಬೆಸೆದರೋ, ಲೋಹ ಮೆದು ಕಬ್ಬಿಣವೋ ಇಂಗಾಲ ಸೇರಿದ್ದೋ, ಎಲ್ಲ ಕೊಳವೆಗಳೂ ಒಂದೇ ಕುಲುಮೆಯ ಪದ್ಧತಿಗೆ ಸೇರಿದುವೋ ಎಂಬ ಪ್ರಶ್ನೆಗಳು ಗೆರ್ಜೆಯ ಮಣಿಗಳಿಗೆ ಹಾಕಿದ ಪ್ರಶ್ನೆಗಳ ಜಾತಿಯವೇ. ಹತ್ತಾರು ವಸ್ತುಗಳು ದೊರೆತಲ್ಲಿ ಒಂದನ್ನು ಕತ್ತರಿಸಿದರೆ ಆ ಒಂದರ ವಿಷಯ ಮಾತ್ರ ತಿಳಿಯುತ್ತದೆ. ಸಾವಿರ ದೊರೆತಲ್ಲಿ ಕತ್ತರಿಸದೆ ನೂರನ್ನು ಓದಿ ಹೋಲಿಸುವ ಅವಕಾಶವಿದೆ. ಅದಕ್ಕೆ ಬೇಕಾದ ನ್ಯೂಟ್ರಾನುಗಳೂ ಇದೇ ದೇಶದಲ್ಲಿ, ೧೯೮೫ರಲ್ಲಿ ಚಾಲನೆಗೊಂಡ ಟ್ರಾಂಬೆಯ ಧ್ರುವ ಸ್ಥಾವರದಲ್ಲಿ ಉಂಟು.

ಅಗೆದು ತೆಗೆದ ಕಬ್ಬಿಣದ ವಿಷಯದಲ್ಲಿ ಕಾಲಾವಕಾಶ ಹೆಚ್ಚಿಲ್ಲ. ನೆಲದೊಳಗೆ ಒಂದು ಸಮಸ್ಥಿತಿಗೆ ಬಂದಿದ್ದ ತುಕ್ಕು ಹೊರಗಿನ ಗಾಳಿಗೆ ಬಂದೊಡನೆ ಮತ್ತೆ ಬೆಳೆಯಲಾರಂಭಿಸುತ್ತದೆ. ಉಪ್ಪು ಸೇರಿದ್ದರೆ ಬೆವರಿದಂತೆ ಹನಿಗಟ್ಟಿ, ಮೇಲಿನ ಪದರ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಅದನ್ನು ತಡೆಯುವುದಕ್ಕೆ ಉಪ್ಪನ್ನು ನೀರಿನಲ್ಲಿ ನೆನೆಸಿ ತೆಗೆಯುವುದು ರಕ್ಷಣಾಶಾಲೆಗಳಲ್ಲಿ ನಡೆದು ಬಂದ ಕ್ರಮ. ಆದರೆ ಬಾಣದ ಮದ್ದಿನ ಮುಖ್ಯಾಂಶವಾದ ಪೆಟ್ಲುಪ್ಪು ಕೂಡ ನೀರಿನಲ್ಲಿ ಕರಗತಕ್ಕದ್ದು. ಕೊಳವೆಯ ಒಳಮೈಯ ತುಕ್ಕಿಗೆ ಅಂಟಿದ ಅದರ ಶೇಷ ಆ ನೀರಿನೊಡನೆಯೇ ಹೋಗುತ್ತದೆ. ಹಾಗಾಗಿ ಇಂಥ ಕೊಳವೆಗಳಲ್ಲಿ ಒಳಗಿನ ಛಾಯಾಚಿತ್ರವನ್ನೂ ತುಕ್ಕಿನ ಪದರಗಳ ಲೆಕ್ಕವನ್ನೂ ಮೊದಲು ತೆಗೆದಿಟ್ಟು, ಆಮೇಲೆ ನೀರಿಗೆ ಇಳಿಸುವುದು ಸರಿಯಾದ ಕ್ರಮ.